ಅಜ್ಜಿ ಕೇಳಿದ್ದು ಪಾಸ್‌ಪೋರ್ಟ್ ಸೈಜ್ ಫೋಟೋ

ಕಳೆದ ಸಂಚಿಕೆಯಲ್ಲಿ, ಶಿವಮೊಗ್ಗದಲ್ಲಿ ರಾತ್ರಿ ಬೀದಿಯಲ್ಲೇ ಮಲಗುವವರ ಬಗ್ಗೆ ನಾನು ತೆಗೆದ ಆರು ಫೋಟೋಗಳನ್ನು ಈ ಅಂಕಣದಲ್ಲಿ ಹಾಕಿದ್ದೆ. ಮಳೆಯಲ್ಲಿ ನೆನೆದ ಬಸ್ ನಿಲ್ದಾಣ, ಬಾಗಿಲು ಮುಚ್ಚಿದ ಅಂಗಡಿಗಳ ಮುಂದಿನ ಕಟ್ಟೆ, ನಮಗೆ ಬೆನ್ನು ಮಾಡಿ ಕೂತ ಒಬ್ಬ ಅಜ್ಜಿ. ಇಷ್ಟೊಂದು ಪತ್ರ ಬರುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಹಕ್ಕಿ ಫೋಟೋ, ಮದುವೆ ಫೋಟೋ, ಜೋಗದಲ್ಲಿ ಮಂಜು ಮುಚ್ಚಿದಾಗ ಏನು ಮಾಡಬೇಕು, ಇಂಥ ಪ್ರಶ್ನೆಗಳು. ಈ ಸಲ ಎಲ್ಲವೂ ಒಂದೇ ವಿಷಯದ ಮೇಲೆ. ಕೆಲವರು ಬೈದೂ ಬರೆದಿದ್ದಾರೆ. ಅವರಿಗೂ ಇಲ್ಲೇ ಉತ್ತರಿಸುತ್ತೇನೆ. ಹೆಸರು ಬೇಡ ಅಂತ ಹಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರಷ್ಟೇ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಅಂತ ರೈಲ್ವೆ ಸ್ಟೇಷನ್ ಹತ್ತಿರ ಮಲಗಿದ್ದವರ ಫೋಟೋ ತೆಗೆಯುತ್ತಿದ್ದೆ. ಒಬ್ಬರು ಎದ್ದು ಬೈದು ಅಟ್ಟಿಸಿಕೊಂಡು ಬಂದರು. ಕೇಳಿ ತೆಗೆದರೆ ಎಲ್ಲರೂ ಪೋಸ್ ಕೊಡುತ್ತಾರೆ, ಕೇಳದೆ ತೆಗೆದರೆ ಹೀಗಾಗುತ್ತದೆ. ಯಾವುದು ಸರಿ?
– ಶಂಕರಘಟ್ಟ

ಅವರು ಬೈದದ್ದು ಸರಿ. ನಮಗೆ ಅದು ಫುಟ್‌ಪಾತ್, ಅವರಿಗೆ ಅದು ಮಲಗುವ ಜಾಗ. ನಾವು ಮನೆಯಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿರುವಾಗ ಯಾರಾದರೂ ಒಳಗೆ ಬಂದು ಫೋಟೋ ಹೊಡೆದರೆ ಸುಮ್ಮನಿರುತ್ತೇವಾ? ಗೋಡೆ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಆದರೆ ನೀವು ಕುಗ್ಗಬೇಡಿ. ಈ ಬೈಗುಳ ಎಷ್ಟೋ ಜನರಿಗೆ ಬಿದ್ದಿದೆ. ಇಂಗ್ಲೆಂಡಿನಲ್ಲಿ ಲೀ ಜೆಫ್ರೀಸ್ ಅಂತ ಒಬ್ಬರಿದ್ದಾರೆ. ವೃತ್ತಿಯಲ್ಲಿ ಅಕೌಂಟೆಂಟ್. 2008ರಲ್ಲಿ ಮ್ಯಾರಥಾನ್ ಓಡಲು ಲಂಡನ್ನಿಗೆ ಹೋಗಿದ್ದಾಗ, ಬೀದಿಯಲ್ಲಿ ಮಲಗಿದ್ದ ಒಬ್ಬ ಹುಡುಗಿಯ ಫೋಟೋವನ್ನು ರಸ್ತೆಯ ಆಚೆ ಬದಿಯಿಂದ ಉದ್ದದ ಲೆನ್ಸ್ ಹಾಕಿ ತೆಗೆದರು. ಅವಳು ನೋಡಿಬಿಟ್ಟಳು, ಕೂಗಾಡಿದಳು. ಜೆಫ್ರೀಸ್ ತಲೆ ತಗ್ಗಿಸಿ ಹೋಗಿಬಿಡಬಹುದಿತ್ತು. ಹಾಗೆ ಮಾಡದೆ ರಸ್ತೆ ದಾಟಿ ಹೋಗಿ ಕ್ಷಮೆ ಕೇಳಿ ಅವಳ ಜೊತೆ ಮಾತಾಡಿದರು. ಅಲ್ಲಿಂದ ಮುಂದೆ ಅವರು ಮೊದಲು ಪರಿಚಯ ಮಾಡಿಕೊಂಡು, ಆಮೇಲೆ ಹತ್ತಿರದಿಂದ ಫೋಟೋ ತೆಗೆಯಲು ಶುರು ಮಾಡಿದರು. ಅವರ ಹೆಸರು ಜಗತ್ತಿಗೆ ಗೊತ್ತಾಗಿದ್ದು ಆ ಫೋಟೋಗಳಿಂದ. ನೀವೂ ವಾಪಸ್ ಹೋಗಿ. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಎರಡು ಚಹಾ ತೆಗೆದುಕೊಂಡು ಹೋಗಿ, ಅವತ್ತು ತಪ್ಪಾಯಿತು ಅಂತ ಹೇಳಿ. ಮತ್ತೂ ಬೈದರೆ ಬೈಸಿಕೊಳ್ಳಿ.

ಇನ್ನು ಕೇಳಿಯೇ ತೆಗೆದರೆ ಎಲ್ಲ ಸರಿಯಾಯಿತು ಅಂತ ಅಲ್ಲ. ಇದನ್ನು ನಾನು ಕಲಿತದ್ದು ಆ ಅಜ್ಜಿಯಿಂದ. ಅವರು ಹಾವೇರಿ ಕಡೆಯವರು. ಶಿವಮೊಗ್ಗಕ್ಕೆ ಬಂದು ತುಂಬ ವರ್ಷ ಆಗಿದೆ. ಹಗಲು ಮಾರ್ಕೆಟಿನಲ್ಲಿ ಈರುಳ್ಳಿ ಆರಿಸುವ ಕೆಲಸ, ರಾತ್ರಿ ಬಸ್ ನಿಲ್ದಾಣ. ನಾನು ಮೂರು ವಾರ ಅವರ ಹತ್ತಿರ ಹೋಗಿ ಕೂತು, ಮಾತಾಡಿ, ಒಪ್ಪಿಗೆ ಕೇಳಿಯೇ ಫೋಟೋ ತೆಗೆದೆ. ಆರಿದ್ರಾ ಮಳೆ ಹಿಡಿದಿತ್ತು. ಅವರ ಬೆನ್ನು ಕಾಣಬೇಕು, ಎದುರಿಗೆ ಮಳೆ ಸುರಿಯುತ್ತಿರಬೇಕು, ಬಸ್ಸಿನ ದೀಪ ನೆಲದ ನೀರಿನಲ್ಲಿ ಹೊಳೆಯಬೇಕು, ಹೀಗೆಲ್ಲ ಯೋಚಿಸಿ ತೆಗೆದೆ. ಚೆನ್ನಾಗಿಯೇ ಬಂತು. ದೊಡ್ಡ ಪ್ರಿಂಟ್ ಹಾಕಿಸಿ ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯವ್ವಾ, ಇದರಾಗ ನನ್ನ ಮಾರೀನ ಇಲ್ಲಲ್ಲ. ಇದನ್ನ ಅರ್ಜಿಗೆ ಹಚ್ಚಾಕ ಬರ್ತೈತೇನು?" ಅಂತ ಕೇಳಿದರು.

ಅವರಿಗೆ ಬೇಕಾಗಿದ್ದದ್ದು ಪಾಸ್‌ಪೋರ್ಟ್ ಸೈಜ್ ಫೋಟೋ. ಅವರ ಹತ್ತಿರ ಆಧಾರ್ ಕಾರ್ಡ್ ಇರಲಿಲ್ಲ, ಹಾಗಾಗಿ ಸಂಧ್ಯಾ ಸುರಕ್ಷಾ ಪಿಂಚಣಿಯೂ ಇರಲಿಲ್ಲ. 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ಅದು ಸಣ್ಣ ದುಡ್ಡಲ್ಲ. ಅರ್ಜಿ ತುಂಬಿಕೊಡುತ್ತೇನೆ, ಫೋಟೋ ತಾ ಅಂತ ಯಾರೋ ಹೇಳಿದ್ದರಂತೆ. ಅಜ್ಜಿ ಒಂದು ಸ್ಟುಡಿಯೋ ತನಕ ಹೋಗಿ, ಒಳಗಿನ ಲೈಟು, ಕುರ್ಚಿ ನೋಡಿ, ತನ್ನ ಸೀರೆ ನೋಡಿಕೊಂಡು, ಬಾಗಿಲಿಂದಲೇ ವಾಪಸ್ ಬಂದಿದ್ದರು. ಮೂರು ವಾರ ಅವರ ಪಕ್ಕ ಕೂತ ನಾನು ಅವರ ಊರು, ಕೇರಿ, ಗಂಡ, ಮಕ್ಕಳು ಎಲ್ಲ ಕೇಳಿದ್ದೆ. ನಿಮಗೆ ಎಂಥ ಫೋಟೋ ಬೇಕು ಅಂತ ಮಾತ್ರ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಿಂದ ಒಂದು ಬಿಳಿ ಪಂಚೆ ತೆಗೆದುಕೊಂಡು ಹೋಗಿ ಗೋಡೆಗೆ ಅಂಟಿಸಿದೆ. ಅಜ್ಜಿ ಚಹಾ ಅಂಗಡಿಯವರ ಕನ್ನಡಿ ಇಸಿದುಕೊಂಡು ತಲೆ ಬಾಚಿಕೊಂಡರು, ಸೆರಗು ಸರಿ ಮಾಡಿಕೊಂಡರು. ಕ್ಯಾಮೆರಾ ಕಡೆ ನೆಟ್ಟಗೆ ನೋಡಿದರು. ಒಂದು ಹಾಳೆಯಲ್ಲಿ ಎಂಟು ಕಾಪಿ ಬಂತು. ಇಷ್ಟು ವರ್ಷ ಫೋಟೋ ತೆಗೆದಿದ್ದೇನೆ, ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಫೋಟೋ ನನ್ನ ಕೈಯಿಂದ ಬಂದಿಲ್ಲ ಅಂತ ನಿಜವಾಗಿಯೂ ಅನ್ನಿಸುತ್ತದೆ.

ಪೋಸ್ ಬಗ್ಗೆ ಕೇಳಿದಿರಲ್ಲ. ಪೋಸ್ ಕೊಡಲಿ ಬಿಡಿ. ತಾನು ಹೇಗೆ ಕಾಣಬೇಕು ಅನ್ನುವ ಆಸೆ ಬೀದಿಯಲ್ಲಿ ಇರುವವರಿಗೂ ಇದೆ, ಅದೂ ದಾಖಲೆಯೇ. ಮೊದಲ ದಿನ ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ. ಆ ಫೋಟೋದ ಪ್ರಿಂಟ್ ಕೊಡಿ. ನಾಲ್ಕನೇ ಸಲ ಹೋಗುವ ಹೊತ್ತಿಗೆ ನಿಮ್ಮ ಕ್ಯಾಮೆರಾ ಕಡೆ ಯಾರೂ ನೋಡುವುದಿಲ್ಲ. ನಿಮಗೆ ಬೇಕಾದ ಸಹಜತೆ ಆಗ ಸಿಗುತ್ತದೆ. ಇನ್ನೊಂದು ಮಾತು. ನಿದ್ದೆಯಲ್ಲಿರುವವರು, ಕುಡಿದಿರುವವರು, ಜ್ವರದಲ್ಲಿ ನರಳುತ್ತಿರುವವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರ ಫೋಟೋ ಬೇಡ. ಒಪ್ಪಿದವರಿಗೂ ಆ ಫೋಟೋ ಎಲ್ಲಿ ಬರುತ್ತದೆ, ಯಾರೆಲ್ಲ ನೋಡುತ್ತಾರೆ ಅಂತ ಬಿಡಿಸಿ ಹೇಳಿ. ಊರಿನಲ್ಲಿರುವ ನೆಂಟರು ನೋಡಬಹುದು ಅಂದಾಗ ಎಷ್ಟೋ ಜನ ಬೇಡ ಅನ್ನುತ್ತಾರೆ.

ಪ್ರಶ್ನೆ: ನಿಮ್ಮ ಫೋಟೋ ನೋಡಿ ಎರಡು ದಿನ ಬೇಜಾರಾಯಿತು, ಮೂರನೇ ದಿನ ಮರೆತೆವು. ನೂರಕ್ಕೂ ಹೆಚ್ಚು ವರ್ಷಗಳಿಂದ ಬಡವರ ಫೋಟೋ ತೆಗೆಯುತ್ತಲೇ ಇದ್ದಾರೆ. ಇದರಿಂದ ಯಾರಿಗಾದರೂ ಒಂದು ಸೂರು ಸಿಕ್ಕಿದೆಯೇ? ಕೋಪದಿಂದ ಕೇಳುತ್ತಿಲ್ಲ, ತಿಳಿಯಲು ಕೇಳುತ್ತಿದ್ದೇನೆ.
– ನಿವೃತ್ತ ಶಿಕ್ಷಕರು, ಸಾಗರ

ಮೇಷ್ಟ್ರೇ, ಈ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ನನ್ನ ಉತ್ತರ ಇಷ್ಟು: ಸೂರು ಸಿಕ್ಕಿದ್ದೂ ಹೌದು, ಕಳೆದುಹೋದದ್ದೂ ಹೌದು.

ಜೇಕಬ್ ರೀಸ್ ಕಥೆ ಕೇಳಿ. ಡೆನ್ಮಾರ್ಕಿನಿಂದ 1870ರಲ್ಲಿ ಅಮೆರಿಕಕ್ಕೆ ಹೋದ ಬಡ ಹುಡುಗ. ನ್ಯೂಯಾರ್ಕಿನಲ್ಲಿ ಕೆಲಸ ಸಿಗದೆ ಬೀದಿಯಲ್ಲಿ ಮಲಗಿದವರು. ಆಗ ಅಲ್ಲಿ ಮನೆ ಇಲ್ಲದವರು ಪೊಲೀಸ್ ಠಾಣೆಗಳಲ್ಲಿ ರಾತ್ರಿ ಕಳೆಯಬಹುದಿತ್ತು, ಬರೀ ಹಲಗೆಯ ಮೇಲೆ, ಕೊಳಕಿನ ನಡುವೆ. ರೀಸ್ ಅಲ್ಲೂ ಮಲಗಿದ್ದರು. ಮುಂದೆ ಪತ್ರಕರ್ತರಾದರು. 1887ರ ಸುಮಾರಿಗೆ, ಪುಡಿ ಹೊತ್ತಿಸಿ ಬೆಳಕು ಮಾಡುವ ಫ್ಲ್ಯಾಶ್ ಬಂದಿದೆ ಅಂತ ತಿಳಿದ ಕೂಡಲೇ ಕತ್ತಲೆ ಕೋಣೆಗಳಿಗೆ ಹೋಗಿ ಫೋಟೋ ತೆಗೆದರು. 1890ರಲ್ಲಿ ಅವು ಪುಸ್ತಕವಾಗಿ ಬಂದಾಗ ಊರಿಗೆ ಊರೇ ಬೆಚ್ಚಿಬಿತ್ತು. ಥಿಯೊಡೋರ್ ರೂಸ್‌ವೆಲ್ಟ್, ಮುಂದೆ ಅಧ್ಯಕ್ಷರಾದವರು, 1895ರಲ್ಲಿ ನಗರದ ಪೊಲೀಸ್ ಮಂಡಳಿಗೆ ಬಂದರು. ರೂಸ್‌ವೆಲ್ಟ್ ಅವರನ್ನು ರೀಸ್ ರಾತ್ರಿ ಸುತ್ತಾಡಿಸಿ ಎಲ್ಲ ತೋರಿಸಿದರು. 1896ರಲ್ಲಿ ಠಾಣೆಗಳ ಆ ಕೊಳಕು ಕೋಣೆಗಳು ಮುಚ್ಚಿದವು. ಮಲ್ಬರಿ ಬೆಂಡ್ ಅನ್ನುವ ಕೊಳೆಗೇರಿಯನ್ನು ಕೆಡವಿ ಉದ್ಯಾನ ಮಾಡಿದರು. ಫೋಟೋದಿಂದ ಆದ ಕೆಲಸ ಇದು. ಆದರೆ ಯೋಚನೆ ಮಾಡಿ, ಕೊಳಕು ಕೋಣೆ ಮುಚ್ಚಿದ ರಾತ್ರಿ ಅಲ್ಲಿ ಮಲಗುತ್ತಿದ್ದವರು ಎಲ್ಲಿಗೆ ಹೋಗಬೇಕು? ಉದ್ಯಾನ ಆದ ಜಾಗದಲ್ಲಿ ಇದ್ದವರು ಗಂಟುಮೂಟೆ ಕಟ್ಟಲೇಬೇಕಾಯಿತು. ಫೋಟೋದಲ್ಲಿ ಕಂಡದ್ದು ಕೊಳಕು, ಹಾಗಾಗಿ ತೆಗೆದದ್ದೂ ಕೊಳಕನ್ನೇ. ರೀಸ್ ಒಳ್ಳೆಯ ಮನಸ್ಸಿನವರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಮಲಗಿದವರನ್ನು ಫ್ಲ್ಯಾಶ್ ಹೊಡೆದು ಎಬ್ಬಿಸಿ ತೆಗೆದ ಆ ಮುಖಗಳನ್ನು ನೋಡಿದರೆ ಬೆದರಿದ ದನಗಳ ನೆನಪಾಗುತ್ತದೆ. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಇನ್ನೊಂದು ಫೋಟೋ ನೀವು ಖಂಡಿತ ನೋಡಿರುತ್ತೀರಿ. ಹರಕು ಬಟ್ಟೆಯ ತಾಯಿ, ಕೆನ್ನೆಗೆ ಕೈ, ಎರಡೂ ಹೆಗಲಿಗೆ ಮುಖ ಮುಚ್ಚಿಕೊಂಡ ಮಕ್ಕಳು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಅನ್ನುವಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದದ್ದು. ಬಟಾಣಿ ಬೆಳೆ ಹಿಮಕ್ಕೆ ಹೋಗಿತ್ತು, ಕೊಯ್ಲಿಗೆ ಬಂದ ಕೂಲಿಯವರು ಡೇರೆಗಳಲ್ಲಿ ಹಸಿದು ಕೂತಿದ್ದರು. ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಶಿಬಿರಕ್ಕೆ 20,000 ಪೌಂಡ್, ಅಂದರೆ ಸುಮಾರು 9,000 ಕಿಲೋ ಆಹಾರ ಕಳಿಸಿತು. ಎಷ್ಟೋ ಹೊಟ್ಟೆ ತುಂಬಿತು. ಆದರೆ ಅಷ್ಟು ಹೊತ್ತಿಗೆ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಕೆಲಸ ಹುಡುಕಿ ಮುಂದೆ ಹೋಗಿಬಿಟ್ಟಿದ್ದರು. ಆ ತಾಯಿಯ ಹೆಸರು ಕೂಡ ಲ್ಯಾಂಗ್ ಕೇಳಿರಲಿಲ್ಲ. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, 42 ವರ್ಷದ ಮೇಲೆ. ಆ ಫೋಟೋದಿಂದ ತನಗೆ ಒಂದು ಕಾಸೂ ಬರಲಿಲ್ಲ ಅನ್ನುವ ನೋವು ಅವರಿಗಿತ್ತು. 1983ರಲ್ಲಿ ಅವರು ಕಾಯಿಲೆ ಬಿದ್ದಾಗ ಮಕ್ಕಳು ಸಹಾಯ ಕೇಳಿದರು. ಆಗ ಎಲ್ಲೆಲ್ಲಿಂದಲೋ ಪತ್ರ ಬಂದವು, ಪತ್ರದ ಜೊತೆ ದುಡ್ಡೂ ಬಂತು. ಅಷ್ಟು ವರ್ಷ ಮುಖ ಮಾತ್ರ ಗೊತ್ತಿತ್ತು, ಈಗ ಹೆಸರು ಗೊತ್ತಾಯಿತು, ಸಹಾಯ ಸರಿಯಾದ ಬಾಗಿಲಿಗೆ ಹೋಯಿತು.

ನೀವು ಮೂರನೇ ದಿನ ಮರೆತಿರಿ ಅಂದರೆ ಅದು ನಿಮ್ಮ ತಪ್ಪಲ್ಲ. ನನ್ನ ಫೋಟೋದಲ್ಲಿ ನೀವು ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬರೀ ಮಳೆ, ಬರೀ ಬೆನ್ನು. ಈ ಅಜ್ಜಿಗೆ ಇಂಥ ಕಾಗದ ಬೇಕು, ಇಂಥ ಕಚೇರಿಯಲ್ಲಿ ಆಗಬೇಕು ಅಂತ ಅಡಿಯಲ್ಲಿ ಎರಡು ಸಾಲು ಬರೆದಿದ್ದರೆ ನಿಮ್ಮಂಥವರು ಒಬ್ಬರಾದರೂ ಮರುದಿನ ಪತ್ರ ಬರೆಯುತ್ತಿದ್ದಿರಿ.

ಪ್ರಶ್ನೆ: ಅಕ್ಕ, ಬೀದಿಯಲ್ಲಿ ಮಲಗುವವರು ಬೆಂಗಳೂರು, ಮುಂಬೈಯಲ್ಲಿ ಇರಬಹುದು. ನಮ್ಮ ಮಲೆನಾಡಿನ ಮಳೆಯಲ್ಲಿ ಯಾರು ತಾನೇ ಹೊರಗೆ ಮಲಗುತ್ತಾರೆ? ನಮ್ಮೂರಲ್ಲಿ ನಾನು ನೋಡಿಯೇ ಇಲ್ಲ.
– ತೀರ್ಥಹಳ್ಳಿ

ತಂಗಿ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮಳೆ ಇರುವುದರಿಂದಲೇ ನಮಗೆ ಕಾಣುವುದಿಲ್ಲ. ದೊಡ್ಡ ನಗರದ ಹಾಗೆ ರಸ್ತೆ ಬದಿ ಮಲಗಲು ಇಲ್ಲಿ ಆಗುವುದಿಲ್ಲ. ಜೂನ್ ಬಂತು ಅಂದರೆ ಎಲ್ಲರೂ ಎಲ್ಲೆಲ್ಲೋ ಸೇರಿಕೊಳ್ಳುತ್ತಾರೆ. ಊರ ಹೊರಗಿನ ಬಸ್ ತಂಗುದಾಣ, ದೇವಸ್ಥಾನದ ಪೌಳಿ, ಅರ್ಧ ಕಟ್ಟಿ ಬಿಟ್ಟ ಮನೆ, ಸಂತೆ ಮಾಳದ ಶೆಡ್ಡು. ಬೆಳಿಗ್ಗೆ ನಾವು ಬಸ್ಸಿಗೆ ಬಂದು ನಿಲ್ಲುವ ಮೊದಲೇ ಎದ್ದು ಚಾಪೆ ಸುತ್ತಿ ಹೋಗಿರುತ್ತಾರೆ. ಬೇಗ ಏಳಬೇಕು, ಇಲ್ಲದಿದ್ದರೆ ನಾಳೆ ಅಲ್ಲಿ ಜಾಗ ಇರುವುದಿಲ್ಲ ಅನ್ನುವುದು ಅವರಿಗೆ ಗೊತ್ತು.

2011ರ ಜನಗಣತಿಯಲ್ಲಿ ಮನೆ ಇಲ್ಲದವರನ್ನು ಎಣಿಸಿದ್ದು ಒಂದೇ ರಾತ್ರಿ, ಫೆಬ್ರವರಿ 28. ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಪೈಪು, ಮೇಲ್ಸೇತುವೆ ಅಡಿ, ಮೆಟ್ಟಿಲ ಕೆಳಗೆ, ದೇವಸ್ಥಾನದ ಹೊರಗೆ, ರೈಲ್ವೆ ಪ್ಲಾಟ್‌ಫಾರ್ಮ್, ಇಂಥ ಕಡೆ ಇರುವವರು ಆ ಲೆಕ್ಕಕ್ಕೆ ಬರುತ್ತಾರೆ. ದೇಶದಲ್ಲಿ ಸಿಕ್ಕವರು ಸುಮಾರು 17.7 ಲಕ್ಷ. ಅದರಲ್ಲಿ 8.3 ಲಕ್ಷದಷ್ಟು ಜನ ಹಳ್ಳಿಗಳಲ್ಲೇ ಇದ್ದರು ಅನ್ನುವುದನ್ನು ನೀವು ಗಮನಿಸಬೇಕು. ಇನ್ನು ಫೆಬ್ರವರಿ ಕೊನೆ ಅಂದರೆ ನಮ್ಮಲ್ಲಿ ಒಣ ಹವೆ, ಬಯಲಲ್ಲಿ ಮಲಗಬಹುದು. ಪುನರ್ವಸು ಮಳೆಯ ರಾತ್ರಿ ಎಣಿಸಿದ್ದರೆ ಎಷ್ಟು ಜನ ಕಣ್ಣಿಗೆ ಬೀಳುತ್ತಿದ್ದರು?

ಶುಂಠಿ ಗದ್ದೆಯ ಪಕ್ಕ ತಾಡಪಾಲು ಕಟ್ಟಿಕೊಂಡು ಇರುವವರನ್ನು ನೀವು ನೋಡಿಯೇ ಇರುತ್ತೀರಿ. ಅಡಿಕೆ ಸುಲಿಯುವ ಸೀಸನ್ನಿನಲ್ಲಿ ಬಯಲುಸೀಮೆಯಿಂದ ಬಂದು ಕೊಟ್ಟಿಗೆಯ ಬದಿಯಲ್ಲಿ ಒಲೆ ಹೂಡುವವರನ್ನೂ ನೋಡಿರುತ್ತೀರಿ. ಅವರು ಕೂಲಿಯವರು ಅಂತ ನಮ್ಮ ಮನಸ್ಸಿನಲ್ಲಿ ಇದೆ, ಮನೆ ಇಲ್ಲದವರು ಅಂತ ಇಲ್ಲ. ಊರಿನಲ್ಲಿ ಅವರಿಗೆ ಮನೆ ಇರಬಹುದು, ಆದರೆ ವರ್ಷದ ಎಷ್ಟು ತಿಂಗಳು ಆ ಮನೆಯಲ್ಲಿ ಇರುತ್ತಾರೆ ಅಂತ ಒಂದು ಸಲ ಕೇಳಿ ನೋಡಿ.

ಶರಾವತಿ ಕಣಿವೆಯ ಕಥೆಯಂತೂ ನಮ್ಮ ಮನೆ ಮನೆಯದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆಲ್ಲ ಕರೆಂಟ್ ಬಂತು. ಮುಳುಗಿದ ಹಳ್ಳಿಗಳ ಜನರನ್ನು ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿದರು. ಇವತ್ತಿಗೂ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರ ಇಲ್ಲ. ಕಾಗದದಲ್ಲಿ ಅದು ಅರಣ್ಯ. ಮನೆ ಇದೆ, ತೋಟ ಇದೆ, ಮೂರು ತಲೆಮಾರು ಅಲ್ಲೇ ಬೆಳೆದಿದೆ, ಆದರೆ ನೆಲ ಅವರದ್ದಲ್ಲ. ಇವರನ್ನು ಮನೆ ಇಲ್ಲದವರ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಬಸ್ ನಿಲ್ದಾಣದ ಅಜ್ಜಿಗೂ ಇವರಿಗೂ ಬೇಕಾಗಿರುವುದು ಒಂದು ಕಾಗದವೇ.

ನೀವು ಫೋಟೋ ತೆಗೆಯುವ ಆಸೆ ಇದ್ದವರಾದರೆ ಜನರ ಮುಖದಿಂದ ಶುರು ಮಾಡಬೇಡಿ. ಜಾಗದಿಂದ ಶುರು ಮಾಡಿ. ಮಾರ್ಥಾ ರೋಸ್ಲರ್ ಅನ್ನುವ ಕಲಾವಿದೆ 1974–75ರಲ್ಲಿ ನ್ಯೂಯಾರ್ಕಿನ ಬೋವರಿ ಬೀದಿಯ ಫೋಟೋ ತೆಗೆದರು. ಕುಡುಕರ, ನೆಲೆ ಇಲ್ಲದವರ ಬೀದಿ ಅಂತ ಹೆಸರಾದ ಜಾಗ. ಎಲ್ಲರೂ ಅಲ್ಲಿ ಬಿದ್ದವರ ಮುಖ ತೆಗೆಯುತ್ತಿದ್ದರು. ಈಕೆ ಒಬ್ಬರ ಮುಖವನ್ನೂ ತೆಗೆಯಲಿಲ್ಲ. ಬರೀ ಬಾಗಿಲು, ಮೆಟ್ಟಿಲು, ಬಿದ್ದ ಬಾಟಲಿ. ನೀವು ನಿಮ್ಮೂರ ತಂಗುದಾಣಕ್ಕೆ ಬೆಳಿಗ್ಗೆ ಐದು ಗಂಟೆಗೆ ಒಮ್ಮೆ ಹೋಗಿ. ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಕಿಟಕಿಯ ಸರಳಿಗೆ ಸಿಕ್ಕಿಸಿದ ಟೂತ್‌ಬ್ರಷ್, ಮೂರು ಕಲ್ಲಿನ ಒಲೆಯ ಬೂದಿ. ಇಷ್ಟನ್ನು ಸುಮ್ನೆ ನೋಡಿ ಬನ್ನಿ ಸಾಕು, ನಮ್ಮೂರಲ್ಲಿ ಯಾರೂ ಇಲ್ಲ ಅಂತ ಮತ್ತೆ ಬರೆಯುವುದಿಲ್ಲ ನೀವು.

ನಮ್ಮ ಹಳೆ ಮನೆಗಳಿಗೆ ಜಗಲಿ ಇತ್ತು, ಅಲ್ವಾ? ಸಂಜೆ ಮಳೆಗೆ ಸಿಕ್ಕಿಕೊಂಡ ಅಪರಿಚಿತರು ಬಂದರೆ ಜಗಲಿಯಲ್ಲಿ ಕಂಬಳಿ ಹಾಸಿಕೊಡುತ್ತಿದ್ದರು. ನನ್ನ ಅಜ್ಜನ ಮನೆಯಲ್ಲಿ ನಾನೇ ನೋಡಿದ್ದೇನೆ. ಈಗ ಜಗಲಿಗೆ ಗ್ರಿಲ್ ಬಂದಿದೆ. ಅದಕ್ಕೆ ಕಾರಣಗಳೂ ಇವೆ, ಯಾರನ್ನೂ ದೂರುತ್ತಿಲ್ಲ. ಆದರೆ ಆ ಜನ ಎಲ್ಲಿ ಹೋದರು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಪ್ರಶ್ನೆ: ಬೀದಿ ಮಕ್ಕಳ ನಗು ತುಂಬ ಚೆಂದ ಬರುತ್ತದೆ. ಅವರೇ ಫೋಟೋ ತೆಗಿ ಅಂತ ಓಡಿ ಬರುತ್ತಾರೆ. ತೆಗೆದು ಹಾಕಬಹುದಾ?
– ಭದ್ರಾವತಿ

ಹಾಕಬೇಡಿ. ರಕ್ಷಣೆ, ಆರೈಕೆ ಬೇಕಿರುವ ಮಗುವಿನ ಗುರುತು ಗೊತ್ತಾಗುವ ಹಾಗೆ ಫೋಟೋ, ಹೆಸರು, ವಿಳಾಸ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳ ತನಕ ಜೈಲು, ಎರಡು ಲಕ್ಷದ ತನಕ ದಂಡ ಆಗಬಹುದು. ತೆಗಿ ಅಂತ ಮಗು ಹೇಳಿದ್ದು ಒಪ್ಪಿಗೆ ಆಗುವುದಿಲ್ಲ. ಮಗು ಒಂಟಿಯಾಗಿ ಇದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮೂರ ಸರ್ಕಲ್ಲಿನಲ್ಲಿ ಮಾನಸಿಕವಾಗಿ ಸರಿ ಇಲ್ಲದ ಒಬ್ಬರು ಓಡಾಡಿಕೊಂಡಿದ್ದರು. ನಾವು ಗೆಳೆಯರು ಅವರಿಗೆ ಕ್ಷೌರ ಮಾಡಿಸಿ, ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿದೆವು. ವಿಡಿಯೋ ಹಾಕಿದೆವು, ತುಂಬ ಜನ ನೋಡಿದರು. ಕೆಲವರು ಮೆಚ್ಚಿದರು, ಒಬ್ಬರು ಮಾತ್ರ "ಪ್ರಚಾರಕ್ಕೆ ಮಾಡಿದ್ದು" ಅಂದರು. ತುಂಬ ನೋವಾಯಿತು.
– ಹೊಸನಗರ

ನೀವು ಮಾಡಿದ್ದು ಪ್ರಚಾರಕ್ಕೆ ಅಂತ ನಾನು ಹೇಳುವುದಿಲ್ಲ. ಮೈ ಮುಟ್ಟಿ ಸ್ನಾನ ಮಾಡಿಸಲು ಎಷ್ಟು ಜನ ಮುಂದೆ ಬರುತ್ತಾರೆ? ಆದರೆ ವಿಡಿಯೋ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಹೊಸ ಬಟ್ಟೆಯಲ್ಲಿ ನಗುವಲ್ಲಿಗೆ ವಿಡಿಯೋ ಮುಗಿಯುತ್ತದೆ. ಅವತ್ತು ರಾತ್ರಿ ಅವರು ಎಲ್ಲಿ ಮಲಗಿದರು? ನೀವು ಪತ್ರದಲ್ಲಿ ಅದನ್ನು ಬರೆದಿಲ್ಲ.

ಕಾನೂನು ಇಲ್ಲಿ ಕೈಗೆ ಸಿಗುವ ಹಾಗೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ನೋಡಿ. ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆದಾಡುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಆ ಠಾಣೆಯ ಪೊಲೀಸರ ಕರ್ತವ್ಯ. 24 ಗಂಟೆಯ ಒಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ನೆಲೆ ಇಲ್ಲದವರಾದರೆ ಕಾಣೆಯಾದವರು ಅಂತ ದೂರು ದಾಖಲಿಸಿ ಮನೆಯವರನ್ನು ಹುಡುಕಬೇಕು. ಹಾಗಾಗಿ ಊರಿಗೆಲ್ಲ ತೋರಿಸುವ ವಿಡಿಯೋಗಿಂತ ಠಾಣೆಗೆ ಕೊಡುವ ಒಂದು ಮುಖದ ಫೋಟೋ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಏನು ಮಾಡಬೇಕು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕೇಳಬಹುದು. ವಯಸ್ಸಾದವರಾದರೆ ಹಿರಿಯರ ಸಹಾಯವಾಣಿ 14567.

ಡಯಾನಾ ಕಿಮ್ ಅನ್ನುವವರ ಕಥೆ ನಿಮಗೆ ಹೇಳಬೇಕು. ಹವಾಯಿಯವರು. ವಿದ್ಯಾರ್ಥಿನಿಯಾಗಿದ್ದಾಗಿನಿಂದ ಮನೆ ಇಲ್ಲದವರ ಫೋಟೋ ತೆಗೆಯುತ್ತಿದ್ದರು. 2012ರಲ್ಲಿ ಹೊನೊಲುಲುವಿನ ಬೀದಿಯಲ್ಲಿ ಒಬ್ಬರನ್ನು ನೋಡಿದರು. ನೋಡಿದರೆ ಅವರ ಸ್ವಂತ ಅಪ್ಪ. ಚಿಕ್ಕಂದಿನಲ್ಲೇ ದೂರವಾಗಿದ್ದ ಅಪ್ಪನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ. ಮಗಳು ಮಾತಾಡಿಸಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆಕೆ ಅವರನ್ನು ಎಳೆದುಕೊಂಡು ಹೋಗಲಿಲ್ಲ. ಮತ್ತೆ ಮತ್ತೆ ಹೋದರು, ಪಕ್ಕದಲ್ಲಿ ನಿಂತರು, ಊಟ ತಂದರು, ಫೋಟೋ ತೆಗೆದರು. ಕೊನೆಗೆ 2014ರಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಮೇಲೆ ಅವರಿಗೆ ಚಿಕಿತ್ಸೆ ಹಿಡಿಯಿತು, ಅಪ್ಪ ಮಗಳು ಮಾತಾಡುವ ಹಾಗಾಯಿತು. ಎರಡು ವರ್ಷ ಬೇಕಾಯಿತು, ಮಗಳಿಗೇ. ನೀವು ಗೆಳೆಯರು ಒಂದು ಭಾನುವಾರ ಮಾಡಿದ್ದೀರಿ, ಇನ್ನೂ ಹತ್ತು ಭಾನುವಾರ ಹೋಗಿ. ಕ್ಯಾಮೆರಾ ಬೇಕೋ ಬೇಡವೋ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಇಂಥ ಕೆಲಸಕ್ಕೆ ಯಾವ ಕ್ಯಾಮೆರಾ, ಯಾವ ಲೆನ್ಸ್ ಒಳ್ಳೆಯದು?
– ಸೊರಬ

ಇರುವ ಮೊಬೈಲ್ ಸಾಕು. ಫ್ಲ್ಯಾಶ್ ಮಾತ್ರ ಬೇಡ. ಲೆನ್ಸ್ ಇರುವವರು 35 ಎಂಎಂ ಇಟ್ಟುಕೊಳ್ಳಿ, ಅದರಲ್ಲಿ ತೆಗೆಯಬೇಕಾದರೆ ಹತ್ತಿರ ಹೋಗಲೇಬೇಕು. ಉಳಿಸಿದ ದುಡ್ಡಿನಲ್ಲಿ ಪ್ರಿಂಟ್ ಹಾಕಿಸಿ ಕೊಡಿ.

ಪ್ರಶ್ನೆ: ನಾವು ಎಂಟು ಜನ ಸೇರಿ ಒಂದು ಫೋಟೋ ಗುಂಪು ಮಾಡಿಕೊಂಡಿದ್ದೇವೆ. ಶಿವಮೊಗ್ಗದಲ್ಲಿ ಇದೇ ವಿಷಯದ ಮೇಲೆ ಪ್ರದರ್ಶನ ಮಾಡುವ ಯೋಚನೆ ಇದೆ. ಪ್ರದರ್ಶನ ಮುಗಿದ ಮೇಲೆ ಏನು ಮಾಡಬಹುದು?
– ವಿನೋಬನಗರ, ಶಿವಮೊಗ್ಗ

ಪ್ರದರ್ಶನಕ್ಕಿಂತ ಮೊದಲೇ ಮಾಡಬೇಕಾದ್ದು ಇದೆ. 2013ರಲ್ಲಿ ಶುರುವಾಗಿ 2024ರ ತನಕ ನಡೆದ, ನಗರದ ಬಡವರಿಗಾಗಿನ ಕೇಂದ್ರದ ಯೋಜನೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮ ಓದಿ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ಇರಬಹುದಾದ ಒಂದು ಆಶ್ರಯ ತಾಣ, ಒಬ್ಬರಿಗೆ ಕನಿಷ್ಠ 50 ಚದರ ಅಡಿ, ವರ್ಷಪೂರ್ತಿ, ದಿನದ 24 ಗಂಟೆ ತೆರೆದಿರಬೇಕು ಅಂತ ಅದರಲ್ಲಿ ಇತ್ತು. ನಮ್ಮ ಊರಿನ ಜನಸಂಖ್ಯೆ 2011ರಲ್ಲೇ 3.22 ಲಕ್ಷ. ಲೆಕ್ಕ ನೀವೇ ಹಾಕಿ, ಮೂರಕ್ಕೆ ಕಡಿಮೆ ಆಗುವುದಿಲ್ಲ. ಎಷ್ಟು ಇವೆ, ಎಲ್ಲಿವೆ, ಎಷ್ಟು ಜನ ಮಲಗುತ್ತಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಆಮೇಲೆ ನೀವು ಎಂಟು ಜನ ನಾಲ್ಕು ಜೋಡಿಯಾಗಿ, ಮಳೆಗಾಲದ ಒಂದು ರಾತ್ರಿ ಹನ್ನೊಂದರಿಂದ ಎರಡರ ತನಕ ಊರು ಸುತ್ತಿ. ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಬಿ.ಎಚ್. ರಸ್ತೆ, ನೆಹರೂ ರಸ್ತೆ, ಗಾಂಧಿಬಜಾರ್, ತುಂಗೆಯ ದಂಡೆ. ಮುಖ ಬೇಡ. ಜಾಗ, ತಾರೀಕು, ಗಂಟೆ, ಎಷ್ಟು ಜನ, ಅದರಲ್ಲಿ ಹೆಂಗಸರು ಎಷ್ಟು. ಫೋಟೋದ ಜೊತೆ ಇಷ್ಟು ಬರೆದು ಮಹಾನಗರ ಪಾಲಿಕೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಲೆ ಅಂತ ತೆಗೆದ ಫೋಟೋ ಗೋಡೆಗೆ ಹೋಗುತ್ತದೆ, ಲೆಕ್ಕದ ಜೊತೆ ಕೊಟ್ಟ ಫೋಟೋ ಕಡತಕ್ಕೆ ಹೋಗುತ್ತದೆ. ಎರಡೂ ಬೇಕು.

ಆದರೆ ಒಂದು ಎಚ್ಚರ. ಆ ಜಾಗಗಳ ಹೆಸರನ್ನು ಪ್ರದರ್ಶನದಲ್ಲಾಗಲಿ, ಫೋನಿನಲ್ಲಾಗಲಿ ಹಾಕಬೇಡಿ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಿಮ್ಮ ಮನೆ ಕಂದಾಯದ ಜೊತೆ ಭಿಕ್ಷುಕರ ಕರ ಅಂತ ನೂರಕ್ಕೆ ಮೂರು ರೂಪಾಯಿ ಕಟ್ಟುತ್ತೀರಲ್ಲ, ಅದು ಈ ಕಾಯ್ದೆಯದ್ದೇ. ಇಂಥ ಜಾಗದಲ್ಲಿ ಇಷ್ಟು ಜನ ಮಲಗುತ್ತಾರೆ ಅಂತ ಎಲ್ಲರಿಗೂ ಗೊತ್ತಾದರೆ ಮೊದಲು ಬರುವುದು ಎಬ್ಬಿಸಿ ಓಡಿಸುವವರು. ರೀಸ್ ಕಾಲದ ತಪ್ಪನ್ನು ನಾವು ಇಲ್ಲಿ ಮಾಡುವುದು ಬೇಡ.

ಪ್ರದರ್ಶನದ ದಿನ ಒಂದು ಮೂಲೆಯಲ್ಲಿ ಬಿಳಿ ಪರದೆ ಕಟ್ಟಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಡಿ, ಉಚಿತವಾಗಿ. ವಿಳಾಸದ ದಾಖಲೆ ಇಲ್ಲದವರಿಗೂ ಆಧಾರ್ ಆಗುತ್ತದೆ. ಅದಕ್ಕೊಂದು ಪ್ರಮಾಣಪತ್ರದ ನಮೂನೆ ಇದೆ. ಅದರ ಮೇಲೆ ಫೋಟೋ ಅಂಟಿಸಿ, ಗೆಜೆಟೆಡ್ ಅಧಿಕಾರಿಯೋ, ಶಾಸಕರೋ, ಮಾನ್ಯತೆ ಇರುವ ಆಶ್ರಯ ತಾಣದ ಮುಖ್ಯಸ್ಥರೋ ಸಹಿ ಹಾಕಬೇಕು. ಸಹಿ ಹಾಕುವವರನ್ನು ಅವತ್ತೇ ಅಲ್ಲಿಗೆ ಕರೆಸಿದರೆ ಅಲೆದಾಟ ತಪ್ಪುತ್ತದೆ. ಉದ್ಘಾಟನೆಗೆ ಹೇಗೂ ಯಾರನ್ನಾದರೂ ಕರೆಯುತ್ತೀರಿ, ಸಹಿ ಹಾಕಬಲ್ಲವರನ್ನೇ ಕರೆಯಿರಿ.

ಸಾಧ್ಯವಾದರೆ ಒಂದೆರಡು ಹಳೆ ಕ್ಯಾಮೆರಾ ಅವರ ಕೈಗೇ ಕೊಡಿ. ಜಿಮ್ ಹಬ್ಬರ್ಡ್ ಅನ್ನುವ ಪತ್ರಿಕಾ ಛಾಯಾಗ್ರಾಹಕರು 1980ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ನಿನಲ್ಲಿ ಹೀಗೆ ಮಾಡಿದರು. ಆಶ್ರಯ ತಾಣಗಳಲ್ಲಿದ್ದ ಮಕ್ಕಳ ಫೋಟೋ ತೆಗೆಯುತ್ತಿದ್ದವರು, ಆ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು ಕಲಿಸಿದರು. ಅಜ್ಜಿಯ ಕೈಗೆ ನಾನು ಒಂದು ದಿನ ನನ್ನ ಮೊಬೈಲ್ ಕೊಟ್ಟಿದ್ದೆ. ಅವರು ತೆಗೆದದ್ದು ಒಂದೇ ಫೋಟೋ, ನಿಲ್ದಾಣದ ಚಾವಣಿಯದ್ದು. ಯಾಕೆ ಅಂತ ಕೇಳಿದರೆ, ಎಲ್ಲಿ ಸೋರುತ್ತದೆ ಅಂತ ತೋರಿಸಿದರು. ಇಷ್ಟು ದಿನ ಅಲ್ಲಿ ಕೂತರೂ ನಾನು ಒಂದು ಸಲ ಮೇಲೆ ನೋಡಿರಲಿಲ್ಲ.

ಪ್ರಶ್ನೆ: ಆ ಅಜ್ಜಿ ಈಗ ಹೇಗಿದ್ದಾರೆ?
– ಶಿಕಾರಿಪುರ, ರಿಪ್ಪನ್‌ಪೇಟೆ, ಕೊಪ್ಪ ಮತ್ತು ಇನ್ನೂ ಹನ್ನೊಂದು ಜನ

ಆಧಾರ್‌ಗೆ ಅರ್ಜಿ ಹೋಗಿದೆ. ಪ್ರಮಾಣಪತ್ರಕ್ಕೆ ಒಂದು ಫೋಟೋ ಹೋಯಿತು. ಪಿಂಚಣಿಗೆ ಅಂತ ಎರಡು ಎತ್ತಿಟ್ಟಿದ್ದಾರೆ. ಮೊನ್ನೆ ಹೋದಾಗ ಉಳಿದ ಫೋಟೋಗಳು ಎಲ್ಲಿ ಅಂತ ಕೇಳಿದೆ. ನಾಲ್ಕು ಅವರ ಸೊಂಟದ ಚೀಲದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಚದೆ ಇದ್ದವು. ಒಂದನ್ನು ಚಹಾ ಅಂಗಡಿಯವರ ಕೈಗೆ ಕೊಟ್ಟಿದ್ದಾರೆ. ಅದು ಗಲ್ಲಾ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಕೊಂಡಿದೆ. ಮಗ ಎಂದಾದರೂ ಕೇಳಿಕೊಂಡು ಬಂದರೆ ತೋರಿಸು ಅಂತ ಹೇಳಿದ್ದಾರಂತೆ.